ನೀರಗಂಟಿ ಅರ್ಗೀರಿಸನ ಬಿಳಿ ಚೀಟಿ

ಯಾವ ಕಡೆಯವನೂ ಅಲ್ಲ ಎನ್ನುವ ಗಂಡಸನ್ನು ನಾನು ನಂಬುವವಳಲ್ಲ. ಹಾಗೆನ್ನುವವನು ಒಂದೋ ಎರಡೂ ಕಡೆ ಉಣ್ಣುವವನು, ಇಲ್ಲವೇ ಏನನ್ನೋ ಬಚ್ಚಿಟ್ಟುಕೊಂಡವನು. ಇದು ನಮ್ಮಪ್ಪ ಕಲಿಸಿಕೊಟ್ಟ ಪಾಠ. ಅವನು ಹಸಿರು ಪಕ್ಷದವನು. ಆ ಪಕ್ಷಕ್ಕೆ ಹಸಿರು ಬಣ್ಣ ಬರುವ ಮೊದಲೇ ಹಸಿರಿನವನು. ಚೌಕದಲ್ಲಿದ್ದ ತನ್ನ ಕಾಫಿ ಅಂಗಡಿಯ ಬಾಗಿಲು, ಕಿಟಕಿ, ಕುರ್ಚಿ, ಕೊನೆಗೆ ಕೋಳಿಗೂಡಿಗೂ ಹಸಿರು ಬಳಿದು, ಅದೆಲ್ಲವನ್ನೂ ಬಳುವಳಿಯೆಂದು ನನಗೆ ಕೊಟ್ಟ. ನನ್ನ ಗಂಡ ಫಾನಿಸ್ ಬೆಟ್ಟದಾಚೆಯ ಊರಿನಿಂದ ಬಂದ ಮನೆಅಳಿಯ. ಅಂಗಡಿಯೊಂದಿಗೆ ಬಣ್ಣವೂ ಅವನ ಪಾಲಿಗೆ ಬಂತು.

ಎದುರಿಗೆ, ಚಿನಾರ್ ಮರದ ಆಚೆ, ಲಾಂಬ್ರೋಸನ ಅಂಗಡಿ. ಅದರ ಬಾಗಿಲು ಕಿಟಕಿಗಳೆಲ್ಲ ನೀಲಿ. ನೀಲಿಯವರು ನಮ್ಮಲ್ಲಿಗೆ ಬರುತ್ತಿರಲಿಲ್ಲ, ನಮ್ಮವರು ಅಲ್ಲಿಗೆ ಹೋಗುತ್ತಿರಲಿಲ್ಲ. ಮಳೆ ಬಂದರೆ ನೆನೆದುಕೊಂಡೇ ತಮ್ಮ ಬಣ್ಣದ ಬಾಗಿಲವರೆಗೆ ಓಡುತ್ತಿದ್ದರು. ಹೆಂಗಸರು ಎರಡರಲ್ಲೂ ಕೂರುವ ಹಾಗಿರಲಿಲ್ಲ. ನಾನು ಒಳಗೆ ಬೀನ್ಸ್ ಬೇಯಿಸುತ್ತಾ, ಮೀನು ಹುರಿಯುತ್ತಾ, ಅಡುಗೆಮನೆಯ ಕಿಟಕಿಯಿಂದ ಇಡೀ ಚೌಕವನ್ನು ನೋಡುತ್ತಿದ್ದೆ. ಊರಿನ ಗಂಡಸರ ಗುಟ್ಟು ನನಗೆ ತಿಳಿದಷ್ಟು ನಮ್ಮ ಪಾದ್ರಿಗೂ ತಿಳಿದಿರಲಿಕ್ಕಿಲ್ಲ.

ತಿಳಿಯದೆ ಉಳಿದವನು ಒಬ್ಬನೇ, ಅರ್ಗೀರಿಸ್.

ಅವನು ನಮ್ಮೂರಿನ ನೀರಗಂಟಿ. ಮೇಲಿನ ಚಿಲುಮೆಯಿಂದ ಕಾಲುವೆಯಲ್ಲಿ ಇಳಿದು ಬರುವ ನೀರನ್ನು ಬೇಸಗೆಯಿಡೀ ತೂಬು ಎತ್ತಿ, ತೂಬು ಇಳಿಸಿ, ಒಬ್ಬೊಬ್ಬರ ಬೀನ್ಸಿಗೂ ಜೋಳಕ್ಕೂ ಸರದಿಯ ಪ್ರಕಾರ ಬಿಡುವುದು ಅವನ ಕೆಲಸ. ಉದ್ದನೆಯ ಆಳು, ಹೆಗಲ ಮೇಲೆ ಗುದ್ದಲಿ, ಕಾಲಿಗೆ ರಬ್ಬರ್ ಬೂಟು. ಅವನಿಗೆ ಸ್ವಂತ ಹೊಲವಿರಲಿಲ್ಲ, ಮದುವೆಯಾಗಿರಲಿಲ್ಲ. ತಾಯಿ ಹೋದ ಮೇಲೆ ಮನೆಯಲ್ಲಿ ಮಾತಾಡಲು ಒಂದು ಕತ್ತೆ ಮಾತ್ರ ಇತ್ತು. ಆದರೆ ಗುದ್ದಲಿ ಹೊತ್ತು ಅವನು ಕಾಲುವೆಯ ದಂಡೆಯ ಮೇಲೆ ಬರುತ್ತಿದ್ದರೆ ಊರಿನ ದೊಡ್ಡ ಕುಳಗಳೆಲ್ಲ ಬೇಲಿಯ ಬಳಿ ಬಂದು ಕಾಯುತ್ತಿದ್ದರು. ಆ ಗುದ್ದಲಿಯೇ ಅವನ ಮಾನ, ಅವನ ಮರ್ಯಾದೆ.

ಅವನ ಇಬ್ಬರು ಅಣ್ಣಂದಿರು ಅಂತರ್ಯುದ್ಧದಲ್ಲಿ ಒಬ್ಬ ಆ ಕಡೆ, ಒಬ್ಬ ಈ ಕಡೆ ಸೇರಿ, ಇಬ್ಬರೂ ಮರಳಲಿಲ್ಲವಂತೆ. ಅದಕ್ಕೇ ಅವನಿಗೆ ಪಕ್ಷವೆಂದರೆ ಆಗದು ಎಂದು ಮುದುಕಿಯರು ಹೇಳುತ್ತಿದ್ದರು. ಇರಬಹುದು. ಆದರೆ ಅಂಥ ಮನೆಗಳು ಊರಿನಲ್ಲಿ ಇನ್ನೂ ಇದ್ದವು. ಆ ಮನೆಯವರೆಲ್ಲ ಬಣ್ಣ ಹಚ್ಚಿಕೊಂಡು ಬಾಯಿ ಹರಿಯುವಂತೆ ಕೂಗುತ್ತಿದ್ದರು. ಇವನದು ಹುಟ್ಟು ಹಟ ಎಂದೇ ನನ್ನ ಎಣಿಕೆ.

ಹಟವಲ್ಲದೆ ಮತ್ತೇನು? ಕಾಫಿ ಕುಡಿಯಲು ಅವನು ತನ್ನ ಕುರ್ಚಿಯನ್ನು ತಾನೇ ಹೊತ್ತು ತರುತ್ತಿದ್ದ. ಬಣ್ಣವಿಲ್ಲದ ಬರೀ ಮರದ ಕುರ್ಚಿ. ಅದನ್ನು ಚಿನಾರ್ ಮರದ ಕೆಳಗೆ, ಎರಡೂ ಅಂಗಡಿಗಳು ಕಾಣುವ ಹಾಗೆ ಹಾಕಿ ಕೂರುತ್ತಿದ್ದ. ಒಂದು ದಿನ ನಮ್ಮಲ್ಲಿಂದ ಕಾಫಿ, ಮರುದಿನ ಎದುರಿನಿಂದ. ನೀರಿನ ಸರದಿಯ ಹಾಗೆಯೇ, ತಪ್ಪಿಸಿದ್ದೇ ಇಲ್ಲ. ಸಕ್ಕರೆಯಿಲ್ಲದ ಕಹಿ ಕಾಫಿ. ಊರಿನಲ್ಲಿ ಅದನ್ನು ಕುಡಿಯುತ್ತಿದ್ದವನು ಅವನೊಬ್ಬನೇ; ಉಳಿದವರು ಹಾಗೆ ಕುಡಿಯುವುದು ಸಾವಿನ ಮನೆಯಲ್ಲಿ. ಒಮ್ಮೆ ನಮ್ಮ ಕಡೆಯ ಯಾರೋ ಆ ಕುರ್ಚಿಯ ಒಂದು ಕಾಲಿಗೆ ಹಸಿರು ಬಳಿದರು. ಎದುರಿನವರು ಸುಮ್ಮನಿದ್ದಾರೆಯೇ? ಇನ್ನೊಂದು ಕಾಲಿಗೆ ನೀಲಿ ಬಳಿದರು. ಅವನು ಚಾಕುವಿನಿಂದ ಎರಡನ್ನೂ ಕೆರೆದು, ಹೊಟ್ಟನ್ನು ಊದಿ, ಕೂತು ಕಾಫಿ ಕುಡಿದ.

ಚುನಾವಣೆ ಬಂತೆಂದರೆ ಚೌಕ ಸಂತೆಯಾಗುತ್ತಿತ್ತು. ಆಗ ನಮ್ಮ ಕಡೆಯ ಕಟುಕ ಸ್ತೆರ್ಗಿಯೋಸನಿಗೆ ಅರ್ಗೀರಿಸನನ್ನು ಕೆಣಕದಿದ್ದರೆ ತಿಂದದ್ದು ಅರಗುತ್ತಿರಲಿಲ್ಲ.

“ಅರ್ಗೀರಿಸಣ್ಣ, ದೇವರ ಮೇಲೆ ಆಣೆ ಇಟ್ಟು ಹೇಳು, ಊರಿಗೆ ಡಾಂಬರು ರಸ್ತೆ ಹಾಕಿದೋರು ಯಾರು?”

“ಕೂಲಿಯವರು. ನಾನೇ ಕುಡಿಯೋಕೆ ನೀರು ಕೊಟ್ಟಿದ್ದೆನಲ್ಲ.”

“ಅದಲ್ಲಯ್ಯ, ಹಾಕಿಸಿದೋರು!”

“ಹಾಕಿಸಿದೋರು ಯಾರೂ ಬಿಸಿಲಲ್ಲಿ ನಿಂತಿದ್ದು ನಾನು ನೋಡಲಿಲ್ಲಪ್ಪ.”

ಎದುರಿನ ಅಂಗಡಿಯಿಂದ ಲಾಂಬ್ರೋಸ್ ನಕ್ಕರೆ ಅವನಿಗೂ ಸಿಗುತ್ತಿತ್ತು. “ನೀನ್ಯಾಕೆ ಹಲ್ಲು ಕಿಸೀತೀಯ? ನಿಮ್ಮೋರು ಕೊಡ್ತೀವಿ ಅಂದ ಪೈಪು ಇನ್ನೂ ದಾರೀಲಿದೆಯಾ?” ಎಂದು ಅರ್ಗೀರಿಸ್ ಅವನ ಕಡೆಗೂ ತಿರುಗುತ್ತಿದ್ದ. ಇಬ್ಬರ ಬಾಯಿಯನ್ನೂ ಮುಚ್ಚಿಸುವವನನ್ನು ಇಬ್ಬರೂ ಪ್ರೀತಿಸುವುದು ಸಾಧ್ಯವೇ? ನಮ್ಮವರು ಅವನನ್ನು ನೀಲಿಯವರ ಬೇಹುಗಾರ ಎಂದರು. ನೀಲಿಯವರು ಹಸಿರಿನವರ ಕಿವಿ ಎಂದರು.

ನಮ್ಮದು ಪುಟ್ಟ ಊರು. ಮತ ಎಣಿಸುವಾಗ ಶಾಲೆಯ ಕಿಟಕಿಯ ಹೊರಗೆ ಊರೆಲ್ಲ ನಿಂತಿರುತ್ತಿತ್ತು. ಪಟ್ಟಣದಿಂದ ಬಂದ ವಕೀಲರೊಬ್ಬರು ಲಕೋಟೆ ಒಡೆದು, ಒಳಗಿನ ಚೀಟಿ ಯಾವ ಪಕ್ಷದ್ದೆಂದು ಗಟ್ಟಿಯಾಗಿ ಓದುತ್ತಿದ್ದರು. ಪರದೆಯ ಹಿಂದೆ ಹೋಗುವವನ ಕೈಗೆ ಎಲ್ಲ ಪಕ್ಷಗಳ ಚೀಟಿಯ ಜೊತೆ ಏನೂ ಬರೆಯದ ಒಂದು ಬಿಳಿ ಚೀಟಿಯನ್ನೂ ಕೊಡುತ್ತಾರೆ. ಯಾರೂ ಬೇಡ ಎನ್ನುವವನು ಅದನ್ನು ಲಕೋಟೆಗೆ ಹಾಕಬಹುದು. ನಮ್ಮೂರಿನಲ್ಲಿ ಪ್ರತಿ ಸಲವೂ ಒಂದೇ ಒಂದು ಬಿಳಿ ಚೀಟಿ ಹೊರಬೀಳುತ್ತಿತ್ತು. “ಬಿಳಿ” ಎಂದು ಓದಿದ ಕೂಡಲೇ ಕಿಟಕಿಯ ಹೊರಗಿನವರೆಲ್ಲ ಅರ್ಗೀರಿಸನ ಕಡೆಗೆ ತಿರುಗಿ ಹೋ ಎನ್ನುತ್ತಿದ್ದರು. ಅವನು ಟೋಪಿ ಸರಿಮಾಡಿಕೊಂಡು ಮನೆಗೆ ಹೋಗುತ್ತಿದ್ದ. ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ.

ಒಂದು ಸಲ ಊರಿನ ಅಧ್ಯಕ್ಷನ ಚುನಾವಣೆಯಲ್ಲಿ ನಮ್ಮ ಹಸಿರಿನವರು ಒಂದೇ ಒಂದು ಮತದಿಂದ ಸೋತರು. ಅಂದೂ ಒಂದು ಬಿಳಿ ಚೀಟಿಯಿತ್ತು.

ಸ್ತೆರ್ಗಿಯೋಸ್ ನಮ್ಮ ಅಂಗಡಿಗೆ ಬಂದು ಮೇಜಿಗೆ ಗುದ್ದಿದ ಗುದ್ದಿಗೆ ನನ್ನ ಒಲೆಯ ಮೇಲಿನ ಪಾತ್ರೆ ಅದುರಿತು. “ಆ ಒಂದು ಚೀಟಿ! ಆ ಒಂದು ಚೀಟಿ ಹಸಿರು ಆಗಿದ್ರೆ ಇವತ್ತು ನಾವು ಸಮಸಮ ಇರ್ತಿದ್ವಿ. ಇನ್ನು ಈ ಅಂಗಡಿಯಿಂದ ಆ ಮನುಷ್ಯನಿಗೆ ಒಂದು ಲೋಟ ನೀರು ಹೋದ್ರೂ ನಾನು ಇಲ್ಲಿ ಕಾಲಿಡಲ್ಲ. ಫಾನಿಸ್, ಕೇಳಿಸ್ತಾ?”

ನಮ್ಮವನು ಕಾಫಿ ಕಪ್ಪು ಒರೆಸುತ್ತಾ, “ಕೇಳಿಸ್ತು,” ಎಂದ.

ಮುಂದಿನ ವಸಂತದಲ್ಲಿ ಅರ್ಗೀರಿಸನ ಗುದ್ದಲಿಗೇ ಸಂಚಕಾರ ಬಂತು. ನೀರಗಂಟಿಯನ್ನು ಆರಿಸುವುದು ಸಂತ ಜಾರ್ಜನ ಹಬ್ಬಕ್ಕೆ ಮುಂಚಿನ ಭಾನುವಾರ, ಚರ್ಚಿನ ಅಂಗಳದಲ್ಲಿ. ನೀರಿನ ಹಕ್ಕಿದ್ದವರೆಲ್ಲ ಕೈ ಎತ್ತಬೇಕು. ಅಷ್ಟು ಕಾಲ ಅದು ಬರೀ ಶಾಸ್ತ್ರವಾಗಿತ್ತು. ಅರ್ಗೀರಿಸನ ಹೆಸರು ಹೇಳುವ ಮೊದಲೇ ಕೈಗಳು ಎದ್ದಿರುತ್ತಿದ್ದವು. ಆ ವರ್ಷ ಸೋತ ನಮ್ಮವರು ಕೈ ಕಟ್ಟಿ ನಿಂತರು. ಗೆದ್ದ ನೀಲಿಯವರಿಗೆ ಅಧ್ಯಕ್ಷನ ಭಾಮೈದ ಮಾಕಿಸನಿಗೆ ಒಂದು ಕೆಲಸ ಕೊಡಿಸಬೇಕಿತ್ತು. ಒಬ್ಬರಿಗೆ ಬೈಯಲು ಮನುಷ್ಯ ಬೇಕಾಗಿದ್ದ, ಇನ್ನೊಬ್ಬರಿಗೆ ಜಾಗ ಬೇಕಾಗಿತ್ತು. ಅರ್ಗೀರಿಸ್ ತೂಬಿನ ಬೀಗದ ಕೈಯನ್ನು ಮಾಕಿಸನ ಅಂಗೈಯಲ್ಲಿಟ್ಟು, “ಮೂರನೇ ತೂಬು ಸ್ವಲ್ಪ ಮೊಂಡು. ಒದೀಬೇಡ, ಎಡಕ್ಕೆ ಎಳಿ,” ಎಂದಷ್ಟೇ ಹೇಳಿ ಹೋದ. ನನಗೆ ಪಾಪ ಎನಿಸಿತು, ನಿಜ. ಆದರೂ ನನ್ನ ಅನುಮಾನ ಹೋಗಲಿಲ್ಲ. ತಪ್ಪು ಮಾಡದವನು ಇಷ್ಟು ಸುಮ್ಮನೆ ಹೋಗುತ್ತಾನೆಯೇ?

ಆಮೇಲೆ ಅವನು ಚೌಕದಲ್ಲಿ ಕಾಫಿಯಿಲ್ಲದೆ ಕೂರುತ್ತಿದ್ದ. ನಮ್ಮಲ್ಲಿ ನಿಂತಿತು, ನಮ್ಮಲ್ಲಿ ನಿಂತ ಮೇಲೆ ಎದುರಿನದನ್ನು ಮಾತ್ರ ಕುಡಿದರೆ ಸರದಿ ಕೆಡುತ್ತದೆಂದು ಅವನೇ ಅದನ್ನೂ ಬಿಟ್ಟ. ಬರೀ ಕುರ್ಚಿ, ಬರೀ ಕೈ. ಕೋಳಿಮರಿಗಳ ಮೇಲೆ ಕಣ್ಣಿಟ್ಟ ಗಿಡುಗನ ಹಾಗೆ ಎರಡೂ ಅಂಗಡಿಗಳನ್ನು ನೋಡುತ್ತಾ ಕೂತಿರುತ್ತಿದ್ದ. ಅವನ ನೋಟ ನಮ್ಮ ಬಾಗಿಲಿಗೆ ಬಂದಾಗ ನಾನು ಕಿಟಕಿಯಿಂದ ಸರಿದು ನಿಲ್ಲುತ್ತಿದ್ದೆ.

ಮಾಕಿಸನ ಕೈಯಲ್ಲಿ ನೀರು ಮೊದಲು ಭಾವನ ತೋಟಕ್ಕೆ ಹೋಯಿತು, ಆಮೇಲೆ ಭಾವನ ಗೆಳೆಯರಿಗೆ, ಮಿಕ್ಕಿದ್ದು ರಸ್ತೆಗೆ. ಸರದಿಗಾಗಿ ಜನ ಗುದ್ದಲಿ ಎತ್ತಿಕೊಂಡು ಒಬ್ಬರ ಮೇಲೊಬ್ಬರು ಹೋದರು. ನನ್ನ ಬೀನ್ಸ್ ಬಳ್ಳಿ ಕಂಬದ ಮೇಲೇ ಒಣಗಿ ಸದ್ದು ಮಾಡಿತು. ಒಂದು ಚಳಿಗಾಲದ ಮಳೆಯಲ್ಲಿ ಕಾಲುವೆಗೆ ಮರ ಬಿದ್ದು ನೀರು ಕಟ್ಟಿಕೊಂಡಾಗ ಅರ್ಗೀರಿಸ್ ಯಾರೂ ಕರೆಯದೆ ಒಬ್ಬನೇ ಹತ್ತಿ ಹೋಗಿ ಬಿಡಿಸಲು ನೋಡಿದ. ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಊರು ಏನೆಂದಿತು ಗೊತ್ತೇ? “ಅವನಿಗೆ ಅಲ್ಲೇನು ಕೆಲಸ? ಕಾಲುವೆ ಕೆಡಿಸೋಕೇ ಹೋಗಿರ್ತಾನೆ, ಮಾಕಿಸನ ಹೆಸರು ಹಾಳಾಗ್ಲಿ ಅಂತ.” ಅವನನ್ನು ಪಟ್ಟಣದ ಆಸ್ಪತ್ರೆಗೆ ಸಾಗಿಸಿದರು. ಮೂಳೆ ಕೂಡಿಕೊಳ್ಳದೆ ಎರಡನೇ ಸಲ ಕೊಯ್ದರಂತೆ, ಅಲ್ಲೇ ಉಳಿದ.

ಅವನು ಅಲ್ಲಿರುವಾಗಲೇ ದೇಶದ ಚುನಾವಣೆ ಬಂತು. ಅಂದು ಈಸ್ಟರಿಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ. ಎಲ್ಲರೂ ಚರ್ಚಿನಿಂದ ನೇರವಾಗಿ ಶಾಲೆಗೆ ಹೋಗಿ ಚೀಟಿ ಹಾಕಿ, ಮನೆಗೆ ಹೋಗಿ ಮೀನು ತಿಂದು, ಸಂಜೆ ಎಣಿಕೆಗೆ ಮರಳಿದರು. ಪಟ್ಟಣದಿಂದ ಬಂದಿದ್ದವಳು ಒಬ್ಬ ವಕೀಲೆ, ಮೂಗಿನ ಮೇಲೆ ಕನ್ನಡಕ. ಹಸಿರು, ನೀಲಿ, ನೀಲಿ, ಹಸಿರು, ನಡುವೆ ಎಲ್ಲೋ ಒಂದೆರಡು ಕೆಂಪು ಎಂದು ಓದುತ್ತಾ ಬಂದವಳು ಒಂದು ಲಕೋಟೆ ಒಡೆದು, “ಬಿಳಿ,” ಎಂದಳು.

ಜನ ರೂಢಿಯಂತೆ ಹೋ ಎನ್ನಲು ಬಾಯಿ ತೆರೆದು, ತಿರುಗಿ ನೋಡಿದರು. ನೋಡಲು ಅರ್ಗೀರಿಸ್ ಇರಲಿಲ್ಲ. ತೆರೆದ ಬಾಯಿಗಳು ಹಾಗೇ ಉಳಿದವು.

ಸ್ತೆರ್ಗಿಯೋಸ್ ಕಿಟಕಿಯೊಳಗೆ ತಲೆ ಹಾಕಿದ. “ಇನ್ನೊಂದು ಸಲ ಸರಿಯಾಗಿ ನೋಡಿ, ಮೇಡಂ.”

“ಬಿಳಿ ಹಾಳೇಲಿ ಸರಿಯಾಗಿ ನೋಡೋದು ಏನಿರುತ್ತೆ ಸ್ವಾಮಿ?” ಎಂದು ಅವಳು ಚೀಟಿಯ ಎರಡೂ ಬದಿಯನ್ನು ತೋರಿಸಿದಳು.

ಅಂದಿನಿಂದ ಊರಿಗೆ ಜ್ವರ ಹಿಡಿಯಿತು. ಬಿಳಿ ಅರ್ಗೀರಿಸನದಲ್ಲ; ಹಾಗಾದರೆ ಯಾರದು? ಅವನು ಆಸ್ಪತ್ರೆಯಿಂದಲೇ ಯಾರ ಕೈಯಲ್ಲೋ ಹಾಕಿಸಿದ್ದಾನೆ ಎಂದು ಮೊದಲು ಸ್ತೆರ್ಗಿಯೋಸನೇ ಒಂದು ಕತೆ ಕಟ್ಟಿದ. ಅದು ನಿಲ್ಲಲಿಲ್ಲ. ಆಮೇಲೆ ಪಾದ್ರಿಯ ಮೇಲೆ ಅನುಮಾನ, ಮೇಷ್ಟ್ರ ಮೇಲೆ, ಹಳೆಯ ಅಧ್ಯಕ್ಷನ ಮೇಲೆ. ತಾ ಕಳ್ಳ ಪರರ ನಂಬ ಎನ್ನುವ ಹಾಗೆ, ಯಾರು ಹೆಚ್ಚು ಕೂಗಿದರೋ ಅವರ ಮೇಲೇ ಕಣ್ಣು ಬಿತ್ತು. ಈಸ್ಟರಿಗೆ ಕೆಂಪು ಮೊಟ್ಟೆ ಕುಟ್ಟಿ ಆಡುವಾಗಲೂ ಒಬ್ಬರು ಇನ್ನೊಬ್ಬರ ಮೊಟ್ಟೆಗಿಂತ ಮುಖವನ್ನೇ ನೋಡುತ್ತಿದ್ದರು. ಹೆಂಗಸರನ್ನು ಮಾತ್ರ ಯಾರೂ ಅನುಮಾನಿಸಲಿಲ್ಲ. ನಾವು ಗಂಡಂದಿರ ಚೀಟಿಯ ಇನ್ನೊಂದು ಪ್ರತಿ ಎಂದು ಅವರ ನಂಬಿಕೆ. ಆ ನಂಬಿಕೆಯ ಬಗ್ಗೆ ನನಗೆ ಬಂದ ಸಿಟ್ಟನ್ನು ನಾನು ಯಾರಿಗೂ ಹೇಳಲಿಲ್ಲ.

ನನ್ನ ಸಿಟ್ಟಿಗೆ ಮನೆಯೊಳಗೇ ಬೇರೆ ಕೆಲಸ ಕಾದಿತ್ತು. ಎಣಿಕೆಯ ಮರುದಿನ ಬೆಳಿಗ್ಗೆ ನಾನು ಒಲೆಯ ಬಳಿ ಹೋದಾಗ ಅಲ್ಲೊಂದು ಕಪ್ಪಿನಲ್ಲಿ ಕಾಫಿ ಆರುತ್ತಾ ಕೂತಿತ್ತು. ಅರ್ಗೀರಿಸನಿಗೆ ಕಾಫಿ ನಿಲ್ಲಿಸಿದಂದಿನಿಂದಲೂ ನಮ್ಮವನು ದಿನಾ ಬೆಳಿಗ್ಗೆ ಮೊದಲು ಮಾಡುತ್ತಿದ್ದ ಕಪ್ಪು ಹೀಗೇ ಒಲೆಯ ಪಕ್ಕ ಉಳಿಯುತ್ತಿತ್ತು. ಮರೆಗುಳಿ ಎಂದು ಬೈದು ನಾನು ಚೆಲ್ಲುತ್ತಿದ್ದೆ. ಅಂದು ಯಾಕೋ ಒಂದು ಗುಟುಕು ಕುಡಿದೆ. ಕಹಿ.

“ಇದು ಯಾರಿಗೆ?” ಎಂದೆ.

“ಯಾರಿಗೂ ಇಲ್ಲ. ಕೈ ಅಭ್ಯಾಸ.”

“ಸಕ್ಕರೆ ಹಾಕದ ಕಾಫಿ ನಮ್ಮಲ್ಲಿ ಯಾರೂ ಕುಡಿಯಲ್ಲ. ಫಾನಿಸ್, ಇತ್ತ ತಿರುಗು. ಊರೆಲ್ಲ ಅವನನ್ನ ಬೈದಾಗ ನೀನು ಒಂದು ಸಲಾನೂ ಬೈದಿಲ್ಲ. ಬೆಕ್ಕು ಅಡ್ಡ ಬಂದ್ರೆ ಬೈಯೋನು ನೀನು. ಆ ಬಿಳಿ ಚೀಟಿ ಯಾರದು?”

ಅವನು ತಿರುಗಲಿಲ್ಲ. ಒಣಗಿದ್ದ ಕಪ್ಪನ್ನೇ ಮತ್ತೆ ಒರೆಸಿದ.

“ಯಾವಾಗಿಂದ?”

“ಮೊದಲಿಂದ.”

“ನಮ್ಮಪ್ಪ ಇದ್ದಾಗಲೂ?”

“ನಿಮ್ಮಪ್ಪನೇ ನನ್ನ ತೋಳು ಹಿಡ್ಕೊಂಡು ಶಾಲೆ ಬಾಗಿಲತನಕ ಬಿಟ್ಟು ಬರ್ತಿದ್ದ. ಪರದೆ ಹಿಂದೆ ಬರೋಕೆ ಅವನನ್ನ ಅಧಿಕಾರಿಗಳು ಬಿಡ್ತಿರ್ಲಿಲ್ಲ, ಅಷ್ಟೆ.”

ನನ್ನ ಕೈಯಲ್ಲಿ ಸೌಟಿತ್ತು. ಬೀಸಲಿಲ್ಲ, ಆದರೆ ಬೀಸುವ ಮನಸ್ಸಾಯಿತು. ಹಸಿರು ಬಾವುಟವನ್ನು ಬಾಗಿಲಿಗೆ ಕಟ್ಟುವವನು ಇವನು. ಗೆದ್ದ ದಿನ ಊರಿಗೆಲ್ಲ ಬಿಟ್ಟಿ ಕುಡಿಸುವವನು ಇವನು. ಯಾರೊಂದಿಗೆ ಸಂಸಾರ ಮಾಡಿದೆ ನಾನು?

“ಯಾಕೋ ಹಾಗೆ ಮಾಡ್ದೆ?”

ಆಗ ಅವನು ತಿರುಗಿದ. “ಮೆರೋಪಿ, ಬೆಳಿಗ್ಗೆ ಬಾಗಿಲು ತೆಗೆದ್ರೆ ಶುರು. ಮುಚ್ಚೋತನಕ ಅದೇ ಮಾತು. ನೀನು ಒಳಗಿರ್ತೀಯ, ನಾನು ಅದರ ಮಧ್ಯೆ ನಿಂತಿರ್ತೀನಿ. ಹೌದಪ್ಪ ಹೌದು ಅಂತ ತಲೆ ಆಡಿಸಿ ಆಡಿಸಿ, ನನಗೆ ಒಳಗೆ ಏನೂ ಉಳಿದಿಲ್ಲ. ಸಿಟ್ಟೂ ಇಲ್ಲ, ಆಸೇನೂ ಇಲ್ಲ. ಪರದೆ ಹಿಂದೆ ಹೋದ್ರೆ ಒಂದು ಗಳಿಗೆ ಸದ್ದಿರಲ್ಲ. ಹಸಿರು ಚೀಟಿ ಕೈಗೆ ತಗೋತೀನಿ. ಸ್ತೆರ್ಗಿಯೋಸನ ಗಂಟಲು ಕೇಳಿಸುತ್ತೆ. ಕೆಳಗಿಡ್ತೀನಿ.”

“ಆ ಮನುಷ್ಯನ ಕಾಫಿ ಹೋಯ್ತು, ನೀರು ಹೋಯ್ತು, ಕಾಲು ಹೋಯ್ತು. ನೀನು ಕಪ್ಪು ಒರೆಸ್ತಾ ನಿಂತಿದ್ದೆ!”

“ಗೊತ್ತು. ಹೇಳಿದ್ರೆ ಅಂಗಡಿ ಹೋಗುತ್ತೆ. ಅಂಗಡಿ ನಿಂದು, ನಿಮ್ಮಪ್ಪ ಕೊಟ್ಟಿದ್ದು. ನೀನೇ ಹೇಳು. ಹೋಗಿ ಹೇಳ್ಲಾ?”

ಒಲೆಯ ಮೇಲೆ ಬೀನ್ಸ್ ತಳ ಹತ್ತಿದ ವಾಸನೆ ಬಂತು. ಅದನ್ನು ನೆಪ ಮಾಡಿಕೊಂಡು ಅತ್ತ ತಿರುಗಿದೆ.

ಆ ವರ್ಷ ಈಸ್ಟರಿನ ನಂತರದ ಭಾನುವಾರವೇ ನೀರಗಂಟಿಯನ್ನು ಆರಿಸುವ ದಿನ. ಮಾಕಿಸ್ ಜನರ ಗುದ್ದಲಿಗೆ ಹೆದರಿ, ಬೀಗದ ಕೈಯನ್ನು ಭಾವನ ಮನೆಯಲ್ಲೆಸೆದು, ಪಟ್ಟಣಕ್ಕೆ ಟ್ಯಾಕ್ಸಿ ಓಡಿಸಲು ಹೋಗಿದ್ದ. ಆಸ್ಪತ್ರೆಯಿಂದ ಬಂದಿದ್ದ ಅರ್ಗೀರಿಸ್ ಎರಡು ಊರುಗೋಲಿನ ಮೇಲೆ ಚರ್ಚಿನ ಅಂಗಳದ ಗೋಡೆಗೆ ಒರಗಿ ನಿಂತಿದ್ದ. ಕಾಲು ಮುರಿದಿದ್ದರೂ ಅವನೇ ಬೇಕೆಂದು ಎಲ್ಲರಿಗೂ ಗೊತ್ತಿತ್ತು. ಬೇಸಗೆ ಬರುವಷ್ಟರಲ್ಲಿ ನಡೆದಾನು, ಅಲ್ಲಿಯವರೆಗೆ ಕತ್ತೆಯ ಮೇಲೆ ಹೋದಾನು. ಬಿತ್ತನೆ ಹತ್ತಿರ ಬಂದಿತ್ತು. ನೀರು ನೆಟ್ಟಗೆ ಬರದಿದ್ದರೆ ಆ ವರ್ಷವೂ ಮಣ್ಣೇ ಗತಿ.

ಅಧ್ಯಕ್ಷ ಗಂಟಲು ಸರಿಮಾಡಿಕೊಂಡು, “ಅರ್ಗೀರಿಸ್ ಆಗ್ಲಿ ಅನ್ನೋರು ಕೈ ಎತ್ತಿ,” ಎಂದ.

ಒಂದು ಕೈಯೂ ಏಳಲಿಲ್ಲ.

ಯಾಕೆಂದು ನನಗೆ ಕೂಡಲೇ ಅರ್ಥವಾಯಿತು. ಮೊದಲು ಕೈ ಎತ್ತಿದವನೇ ಬಿಳಿ ಚೀಟಿಯವನು! ತನ್ನ ತಪ್ಪನ್ನು ಬೇರೆಯವನ ತಲೆಗೆ ಕಟ್ಟಿ ಈಗ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದಾನೆ ಎಂದು ಊರು ಹಿಡಿದುಬಿಡುತ್ತದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ಅಂದು ಎಲ್ಲರ ತಲೆಯಲ್ಲೂ ಇತ್ತು. ಒಬ್ಬೊಬ್ಬರೂ ಹೆಗಲನ್ನು ಅಲುಗಿಸದೆ ಕಲ್ಲಾಗಿ ನಿಂತಿದ್ದರು. ಸ್ತೆರ್ಗಿಯೋಸ್ ಎರಡೂ ಕೈಯನ್ನು ಜೇಬಿನೊಳಗೆ ತುರುಕಿಕೊಂಡಿದ್ದ. ಎದುರಿನ ಲಾಂಬ್ರೋಸ್ ತಲೆ ತುರಿಸಿಕೊಳ್ಳಲು ಹೋದವನು ಕೈಯನ್ನು ಅರ್ಧದಲ್ಲೇ ಇಳಿಸಿದ. ನಮ್ಮವನು ಬೆನ್ನ ಹಿಂದೆ, ಹೊತ್ತು ಕಳೆಯಲು ಗಂಡಸರು ಇಟ್ಟುಕೊಳ್ಳುವ ಮಣಿಸರ ಉರುಳಿಸುತ್ತಿದ್ದ; ಟಕ್, ಟಕ್ ಎಂದು ಸದ್ದು.

“ಕೈ ಏಳದಿದ್ರೆ ಕೆಳಗಿನ ಊರಿಂದ ಯಾರನ್ನಾದ್ರೂ ಕರೆಸ್ತೀನಿ. ಆಮೇಲೆ ನನ್ನನ್ನ ಅನ್ಬೇಡಿ,” ಎಂದ ಅಧ್ಯಕ್ಷ. ತಾನು ಮಾತ್ರ ಕೈ ಎತ್ತಲಿಲ್ಲ.

ಅರ್ಗೀರಿಸ್ ಒಂದು ಊರುಗೋಲನ್ನು ಎತ್ತಿ ಮುಂದಿಟ್ಟ. ಹೊರಟಿದ್ದ. ಅವನ ಬೆನ್ನು ನೋಡಿ ನನಗೆ ಉರಿದುಹೋಯಿತು. ಅವನ ಮೇಲಿನ ಪ್ರೀತಿಗಲ್ಲ. ಇಷ್ಟು ಜನ ಗಂಡಸರು, ಇಷ್ಟು ಬಾಯಿ, ಇಷ್ಟು ಬಾವುಟ, ಒಂದು ಕೈ ಎತ್ತಲು ಗತಿಯಿಲ್ಲವಲ್ಲ ಎನ್ನುವ ಹೇಸಿಗೆಗೆ. ಬೀನ್ಸಿನ ಮಡಿ ನನ್ನ ಹೆಸರಿನಲ್ಲಿತ್ತು, ನೀರಿನ ಹಕ್ಕೂ ನನ್ನದೇ. ನಾನು ಕೈ ಎತ್ತಿದೆ.

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಸ್ತೆರ್ಗಿಯೋಸನ ಮುಖ ಅರಳಿದ ಪರಿಯನ್ನು ನೋಡಬೇಕಿತ್ತು.

“ಓಹೋಹೋ! ಫಾನಿಸ್, ಬಿಳಿ ಮೊಟ್ಟೆ ಇಡ್ತಿದ್ದ ಕೋಳಿ ನಿನ್ನ ಗೂಡಲ್ಲೇ ಇತ್ತಲ್ಲೋ! ನಾವು ಊರೆಲ್ಲ ಹುಡುಕ್ತಿದ್ವಿ!”

ನಗು ಎದ್ದಿತು. ಎಲ್ಲರಿಗೂ ಎಂಥ ಹಗುರ! ಕಳ್ಳ ಸಿಕ್ಕಿದ, ಅದೂ ಹೆಂಗಸು. ನೀಲಿಯವರೂ ಹಸಿರಿನವರೂ ಅಂದು ಮೊದಲ ಸಲ ಒಟ್ಟಿಗೆ ನಕ್ಕರು. “ಕಾಫಿಗೆ ಸಕ್ಕರೆ ಕಮ್ಮಿ ಹಾಕಿದಾಗಲೇ ನಂಗೆ ಅನುಮಾನ ಇತ್ತು ಮೆರೋಪಕ್ಕ,” ಎಂದು ಹಿಂದಿನಿಂದ ಯಾರೋ ಅಂದರು. ನಾನು ಕೈ ಇಳಿಸಲಿಲ್ಲ. ನಮ್ಮವನನ್ನೇ ನೋಡಿದೆ. ಅರ್ಗೀರಿಸನಿಗೆ ಮಾಡಿದ್ದನ್ನೇ ನನಗೂ ಮಾಡುತ್ತಾನೋ? ಮಾಡಿದರೆ ಅಂಗಡಿ ಉಳಿಯುತ್ತದೆ. ಹೆಂಡತಿ ಹುಚ್ಚಿ, ಅವಳ ಮಾತು ಬಿಡಿ ಎಂದು ನಕ್ಕರೆ ಆ ಕ್ಷಣಕ್ಕೆ ಮುಗಿಯುತ್ತದೆ. ಆದರೆ ಆಮೇಲೆ ಒಂದೇ ಒಲೆಯ ಮುಂದೆ ಹೇಗೆ ನಿಲ್ಲುವುದು?

ಮಣಿಸರದ ಸದ್ದು ನಿಂತಿತು.

“ಅವಳಲ್ಲ,” ಎಂದ ಫಾನಿಸ್.

ದನಿ ಸಣ್ಣದು, ಮುಂದಿನವರಿಗಷ್ಟೇ ಕೇಳಿಸಿತು. ಅವನು ಬೆನ್ನ ಹಿಂದಿನಿಂದ ಕೈ ತೆಗೆದು, ಮಣಿಸರದ ಸಮೇತ ಮೇಲೆತ್ತಿದ. “ಅವಳಲ್ಲ. ಅರ್ಗೀರಿಸನೂ ಅಲ್ಲ. ನಾನು. ಯಾವಾಗಲೂ ನಾನೇ.”

ಯಾರೂ ನಗಲಿಲ್ಲ. ಅರ್ಗೀರಿಸ್ ಊರುಗೋಲಿನ ಮೇಲೆ ಮೆಲ್ಲಗೆ ತಿರುಗಿ ನಮ್ಮವನನ್ನು ನೋಡಿದ. “ತಡ ಮಾಡಿದೆ ಕಣೋ,” ಎಂದ. ಅಷ್ಟೇ.

ಮೊದಲು ಎದ್ದದ್ದು ಲಾಂಬ್ರೋಸನ ಕೈ. ಆಮೇಲೆ ಒಂದೊಂದಾಗಿ ಎಲ್ಲರದೂ. ನಿಜವಾದ ಕಳ್ಳ ಗೊತ್ತಾದ ಮೇಲೆ ಧೈರ್ಯಕ್ಕೇನು ಬರ? ಸ್ತೆರ್ಗಿಯೋಸ್ ಬಹಳ ಹೊತ್ತು ನಮ್ಮವನನ್ನು ಕೆಕ್ಕರಿಸಿ ನೋಡಿದ. ಬಳಿಕ ತನ್ನ ಜೋಳವನ್ನು ನೆನೆದುಕೊಂಡು ಒಂದು ಕೈಯನ್ನು ಜೇಬಿನಿಂದ ತೆಗೆದು ಕಿವಿಯವರೆಗೆ ಎತ್ತಿದ. ಅಧ್ಯಕ್ಷ ಬೀಗದ ಕೈ ಕೊಟ್ಟಾಗ ಅರ್ಗೀರಿಸ್ ಅದನ್ನು ಮೂಸಿ ನೋಡಿ, “ಎಣ್ಣೆ ಹಾಕಿಲ್ಲ ಹಾಳಾದೋರು,” ಎಂದು ಗೊಣಗಿದ. ಅವನ ಕಣ್ಣು ತುಂಬಿತ್ತು. ನಾನು ಹತ್ತಿರ ನಿಂತಿದ್ದೆ, ನೋಡಿದೆ.

ಮರುದಿನ ನಮ್ಮ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹಸಿರು ಕುರ್ಚಿಗಳು ಸಾಲಾಗಿ ಖಾಲಿ ಕೂತಿದ್ದವು. ಸ್ತೆರ್ಗಿಯೋಸ್ ಮತ್ತವನ ಗುಂಪು ಕಟುಕನಂಗಡಿಯ ಮುಂದೆ ಪೆಟ್ಟಿಗೆ ಹಾಕಿಕೊಂಡು, ಮನೆಯಿಂದ ಕಾಫಿ ತರಿಸಿ ಕುಡಿದರು. ನಮ್ಮವನು ಎಂದಿನಂತೆ ಮೊದಲ ಕಪ್ಪು ಕಹಿ ಕಾಫಿ ಮಾಡಿಟ್ಟ. ಹೊರಗೆ ಊರುಗೋಲಿನ ಸದ್ದಾಯಿತು. ಅರ್ಗೀರಿಸ್ ಕುರ್ಚಿಯನ್ನು ಹಗ್ಗ ಕಟ್ಟಿ ಬೆನ್ನ ಮೇಲೆ ಹೊತ್ತು ತಂದಿದ್ದ. ಮರದ ಕೆಳಗೆ ಹಾಕಲಿಲ್ಲ; ನೇರವಾಗಿ ನಮ್ಮ ಬಾಗಿಲು ದಾಟಿ ಒಳಗೆ ಹಾಕಿ ಕೂತ. ನಾನೇ ಕಾಫಿ ತಂದಿಟ್ಟೆ.

“ಇವನದೇ ಅಂತ ನಿಂಗೆ ಗೊತ್ತಿತ್ತಾ?” ಎಂದು ಕೇಳಿದೆ.

“ನಂದಲ್ಲ ಅಂತ ಗೊತ್ತಿತ್ತು. ಇನ್ಯಾರದು ಅಂತ ಕೂತು ನೋಡ್ತಿದ್ದೆ. ಇವನ ಮೇಲೆ ಅನುಮಾನ ಇತ್ತು. ಲಾಂಬ್ರೋಸನ ಮೇಲೂ ಇತ್ತು.”

“ಮತ್ತೆ ನಂದಲ್ಲ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ನೀರು ಹೋಗ್ತಿರ್ಲಿಲ್ಲ, ಕಾಲು ಹೋಗ್ತಿರ್ಲಿಲ್ಲ.”

“ಹೇಳಿದ್ರೆ, ಹಾಗಾದ್ರೆ ನೀನು ಯಾರಿಗೆ ಹಾಕ್ದೆ ಅಂತ ಕೇಳ್ತಿದ್ರಿ.”

“ಹೌದು, ಯಾರಿಗೆ ಹಾಕ್ದೆ?”

ಅವನು ಕಪ್ಪಿನ ತಳದ ಗಸಿಯನ್ನು ನೋಡಿದ. “ಅದನ್ನ ಕೇಳೋಕಾ ಪರದೆ ಕಟ್ಟಿರೋದು?”

ಮಂಗಳವಾರ ಅವನು ಲಾಂಬ್ರೋಸನಲ್ಲಿ ಕಾಫಿ ಕುಡಿದ. ಸರದಿ ಎಂದರೆ ಸರದಿ. ಬೇಸಗೆ ಪೂರ್ತಿ ನಮಗೆ ವ್ಯಾಪಾರವಿರಲಿಲ್ಲ. ಚಳಿಗಾಲ ಬಂದಾಗ ಪೆಟ್ಟಿಗೆಯ ಮೇಲೆ ಕೂತವರಿಗೆ ಬೆನ್ನು ನೋವು ಬಂತು, ಒಬ್ಬೊಬ್ಬರೇ ಮರಳಿದರು. ಕೊನೆಗೆ ಸ್ತೆರ್ಗಿಯೋಸನೂ ಬಂದು, ಯಾರ ಮುಖವನ್ನೂ ನೋಡದೆ, ಒಲೆಯ ಹತ್ತಿರದ ತನ್ನ ಹಳೆಯ ಜಾಗದಲ್ಲಿ ಕೂತ. ಬಾಗಿಲಿನ ಹಸಿರು ಹಾಗೇ ಇದೆ. ನಾನೇ ಪ್ರತಿವರ್ಷ ಬಳಿಯುತ್ತೇನೆ, ನಮ್ಮಪ್ಪನ ಬಣ್ಣ.

ಮುಂದಿನ ಚುನಾವಣೆಗೆ ನಾವಿಬ್ಬರೂ ಒಟ್ಟಿಗೆ ಹೋದೆವು. ಇಡೀ ಊರು ನಮ್ಮವನನ್ನೇ ನೋಡುತ್ತಿತ್ತು; ಪರದೆಯ ಹಿಂದೆ ಹೋಗಿ ಬೇಗ ಬಂದ. ಆಮೇಲೆ ನಾನು ಹೋದೆ. ಹೊರಗಿನ ಗಲಾಟೆ ಆ ಬಟ್ಟೆಯ ಆಚೆಗೇ ನಿಂತುಬಿಟ್ಟಿತು. ಒಂದು ಸಣ್ಣ ಮೇಜು, ಕೈಯಲ್ಲಿ ಚೀಟಿಗಳು, ಕಿಟಕಿಯಿಂದ ಬಿದ್ದ ಬಿಸಿಲು. ಅಷ್ಟು ವರ್ಷ ಒಂದು ಉಸಿರಿನಲ್ಲಿ ಹಾಕಿ ಬರುತ್ತಿದ್ದವಳು ಅಂದು ಅಲ್ಲಿ ನಿಂತೇ ಇದ್ದೆ. ನಮ್ಮವನು ಹೇಳಿದ್ದು ನಿಜ, ಅಲ್ಲಿ ಸದ್ದಿರಲಿಲ್ಲ. ಹೊರಗಿನಿಂದ ಯಾರೋ ಕೆಮ್ಮಿದ ಮೇಲೆ ಲಕೋಟೆ ಅಂಟಿಸಿದೆ.

ಸಂಜೆ ಎಣಿಕೆಯಲ್ಲಿ ಒಂದು ಬಿಳಿ ಬಂತು. ಎಲ್ಲರೂ ಫಾನಿಸನ ಕಡೆ ತಿರುಗಿ ಹೋ ಎಂದರು. “ದೇವರ ಆಣೆ, ಈ ಸಲ ನಂದಲ್ಲ,” ಎಂದು ಅವನು ಹೇಳಿದ್ದನ್ನು ಯಾರೂ ನಂಬಲಿಲ್ಲ. ಗೋಡೆಗೊರಗಿ ನಿಂತಿದ್ದ ಅರ್ಗೀರಿಸ್ ಮಾತ್ರ ನನ್ನನ್ನು ನೋಡುತ್ತಿದ್ದ. ದಾರಿಯಲ್ಲಿ ನಮ್ಮವನೂ ಎರಡು ಮೂರು ಸಲ ನನ್ನ ಮುಖ ನೋಡಿದ.

“ಮೆರೋಪಿ, ನೀನು ಪರದೆ ಹಿಂದೆ ತುಂಬ ಹೊತ್ತಿದ್ದೆ,” ಎಂದ.

“ಕಾಲು ನೋಯ್ತಿತ್ತು,” ಎಂದೆ.